ನಾಲ್ಕು ಖಾನೆ ತುಂಬಿದವರು, ಖಾನೆಯೇ ಇಲ್ಲದವರು

ಮಕ್ಕಳೇ, ಈ ವಾರ ಒಂದು ಕ್ವಿಜ್ ಪ್ರಶ್ನೆಯಿಂದ ಶುರು ಮಾಡೋಣ. ಅಜ್ಜ-ಅಜ್ಜಿಯರೂ ಉತ್ತರ ಹೇಳಬಹುದು, ಆದರೆ ಮೊಮ್ಮಕ್ಕಳ ಕಿವಿಯಲ್ಲಿ ಪಿಸುಗುಟ್ಟಬಾರದು.

‘ಈಗಾಟ್’ ಅಂದರೆ ಏನು?

ಯಾವುದೋ ಹಕ್ಕಿಯ ಹೆಸರೂ ಅಲ್ಲ, ಹೊಸ ಬಿಸ್ಕತ್ತೂ ಅಲ್ಲ. ಅಮೆರಿಕದಲ್ಲಿ ಮನರಂಜನೆಯ ಲೋಕದವರಿಗೆ ಕೊಡುವ ನಾಲ್ಕು ದೊಡ್ಡ ಪ್ರಶಸ್ತಿಗಳಿವೆ. ಟಿ.ವಿ.ಗೆ ಎಮ್ಮಿ, ಸಂಗೀತದ ಧ್ವನಿಮುದ್ರಣಕ್ಕೆ ಗ್ರ್ಯಾಮಿ, ಸಿನಿಮಾಕ್ಕೆ ಆಸ್ಕರ್, ನಾಟಕಕ್ಕೆ ಟೋನಿ. ಇಂಗ್ಲಿಷಿನಲ್ಲಿ ಈ ನಾಲ್ಕರ ಮೊದಲ ಅಕ್ಷರ ಕೂಡಿಸಿದರೆ ‘ಈಗಾಟ್’. ಒಬ್ಬನೇ ಮನುಷ್ಯ ತನ್ನ ಜೀವಮಾನದಲ್ಲಿ ನಾಲ್ಕನ್ನೂ ಗೆದ್ದರೆ ಅವನು ಈಗಾಟ್ ಆದ ಅಂತ ಲೆಕ್ಕ. ಇಷ್ಟು ವರ್ಷಗಳಲ್ಲಿ ಹಾಗೆ ಗೆದ್ದವರು ಇಪ್ಪತ್ತು ಚಿಲ್ಲರೆ ಮಂದಿ ಮಾತ್ರ.

ಮೊದಲು ಈ ಲೆಕ್ಕ ಪೂರ್ತಿ ಮಾಡಿದವರು ರಿಚರ್ಡ್ ರಾಡ್ಜರ್ಸ್ ಎಂಬ ಸಂಗೀತ ಸಂಯೋಜಕ, 1962ರಲ್ಲಿ. ‘ದ ಸೌಂಡ್ ಆಫ್ ಮ್ಯೂಸಿಕ್’ ಎಂಬ ಸಿನಿಮಾ ನೋಡಿದ್ದೀರಾ? ಅದರ ಹಾಡುಗಳಿಗೆ ರಾಗ ಹಾಕಿದವರು ಅವರೇ. 1977ರಲ್ಲಿ ಇಬ್ಬರು ನಟಿಯರು, ಹೆಲೆನ್ ಹೇಯ್ಸ್ ಮತ್ತು ರೀಟಾ ಮೊರೆನೊ, ಈ ಪಟ್ಟಿಗೆ ಸೇರಿದರು. ಆಡ್ರಿ ಹೆಪ್‌ಬರ್ನ್ ಎಂಬ ಹೆಸರಾಂತ ನಟಿಯ ಲೆಕ್ಕ ಪೂರ್ತಿಯಾಗಿದ್ದು 1994ರಲ್ಲಿ. ಅಷ್ಟು ಹೊತ್ತಿಗೆ ಆಕೆ ತೀರಿಕೊಂಡು ಒಂದು ವರ್ಷವಾಗಿತ್ತು. ಕೊನೆಗೆ ಬಂದ ಆ ಗ್ರ್ಯಾಮಿ ಯಾವುದಕ್ಕೆ ಗೊತ್ತೇ? ಮಕ್ಕಳಿಗಾಗಿ ಕಥೆ ಓದಿ ಮುದ್ರಿಸಿದ್ದ ಒಂದು ಧ್ವನಿಸುರುಳಿಗೆ! ಅಜ್ಜಿಯರೇ, ನೀವು ರಾತ್ರಿ ಹೇಳುವ ಕಥೆಗೂ ಬೆಲೆ ಇದೆ ಅಂತ ಇದರಿಂದ ತಿಳಿಯಬೇಕು.

ಇನ್ನೊಂದು ತಮಾಷೆ ಕೇಳಿ. ಈ ‘ಈಗಾಟ್’ ಎಂಬ ಪದ ಹುಟ್ಟಿಸಿದವರು ಫಿಲಿಪ್ ಮೈಕಲ್ ಥಾಮಸ್ ಎಂಬ ಟಿ.ವಿ. ನಟ, 1984ರಲ್ಲಿ. ತಾನು ಈ ನಾಲ್ಕನ್ನೂ ಗೆಲ್ಲಬೇಕು ಎಂದು ಆ ಅಕ್ಷರಗಳ ಪದಕವನ್ನೇ ಕೊರಳಿಗೆ ಹಾಕಿಕೊಂಡಿದ್ದರಂತೆ. ಪದ ಊರೆಲ್ಲ ಹಬ್ಬಿತು, ಅವರಿಗೆ ಮಾತ್ರ ನಾಲ್ಕರಲ್ಲಿ ಒಂದೂ ಬರಲಿಲ್ಲ. ಹಾಗಂತ ನಗಬೇಡಿ. ಆಸೆ ಇಟ್ಟುಕೊಳ್ಳುವುದು ತಪ್ಪಲ್ಲ, ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಬಾರದು ಅಷ್ಟೇ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಮೂವತ್ತಾರು ವರ್ಷ ಕಳೆದವನು. ಯಾವ ವಿಷಯ ಬಂದರೂ ಮೊದಲು ಒಂದು ಹಾಳೆ ತೆಗೆದುಕೊಂಡು ಸ್ಕೇಲಿನಿಂದ ಗೆರೆ ಎಳೆಯುವುದು ನನ್ನ ರೂಢಿ. ಎಡಗಡೆ ಹೆಸರು, ಬಲಗಡೆ ಖಾನೆಗಳು. ನಮ್ಮ ದೇಶದವರ ಲೆಕ್ಕ ಏನಾಗುತ್ತದೆ ನೋಡೋಣ ಅಂತ ಈ ಸಲವೂ ಗೆರೆ ಎಳೆದೆ. ಏಳನೆಯ ತರಗತಿಯ ನನ್ನ ಮೊಮ್ಮಗಳು ಪಕ್ಕದಲ್ಲಿ ಪೆನ್ಸಿಲ್ ಹಿಡಿದು ಕೂತಳು.

ಅಮೆರಿಕದ ನಾಲ್ಕು ಖಾನೆಗಳನ್ನು ತುಂಬಿದ ಭಾರತೀಯರು ಇನ್ನೂ ಇಲ್ಲ. ಎ.ಆರ್. ರೆಹಮಾನ್ ಅರ್ಧ ದಾರಿ ನಡೆದಿದ್ದಾರೆ. ‘ಸ್ಲಂಡಾಗ್ ಮಿಲಿಯನೇರ್’ ಚಿತ್ರದ ಸಂಗೀತಕ್ಕೆ 2009ರಲ್ಲಿ ಎರಡು ಆಸ್ಕರ್, 2010ರಲ್ಲಿ ಎರಡು ಗ್ರ್ಯಾಮಿ. ನಮ್ಮ ಬೆಂಗಳೂರಿನಲ್ಲಿ ನೆಲೆಸಿರುವ ರಿಕಿ ಕೇಜ್ ಮೂರು ಸಲ ಗ್ರ್ಯಾಮಿ ಗೆದ್ದಿದ್ದಾರೆ. ಭಾರತಕ್ಕೆ ಮೊಟ್ಟಮೊದಲ ಆಸ್ಕರ್ ತಂದವರು ಭಾನು ಅಥೈಯಾ, ‘ಗಾಂಧಿ’ ಚಿತ್ರದ ಉಡುಪುಗಳ ವಿನ್ಯಾಸಕ್ಕಾಗಿ, 1983ರಲ್ಲಿ. ಅವರ ಊರು ಕೊಲ್ಲಾಪುರ. ನಮ್ಮ ಜಮಖಂಡಿ, ಮುಧೋಳದ ಕಡೆಯವರು ದೇವಿಯ ದರ್ಶನಕ್ಕೆ ಹೋಗಿ ಬರುವ ಅದೇ ಕೊಲ್ಲಾಪುರ!

ಆದರೆ ನಮ್ಮ ದೇಶಕ್ಕೆ ನಮ್ಮದೇ ಖಾನೆಗಳಿವೆಯಲ್ಲ? ನಾಟಕ, ಸಂಗೀತ, ನೃತ್ಯಕ್ಕೆ ಸಂಗೀತ ನಾಟಕ ಅಕಾಡೆಮಿ. ಸಿನಿಮಾಕ್ಕೆ ರಾಷ್ಟ್ರಪ್ರಶಸ್ತಿ. ಬರವಣಿಗೆಗೆ ಸಾಹಿತ್ಯ ಅಕಾಡೆಮಿ ಮತ್ತು ಜ್ಞಾನಪೀಠ. ಒಟ್ಟು ಸಾಧನೆಗೆ ಪದ್ಮ ಪ್ರಶಸ್ತಿಗಳು. ಈ ಖಾನೆಗಳನ್ನೆಲ್ಲ ಒಬ್ಬರೇ ತುಂಬಿದ್ದಾರೆಯೇ?

ತುಂಬಿದ್ದಾರೆ, ಅವರು ನಮ್ಮ ಕನ್ನಡದವರೇ. ಗಿರೀಶ ಕಾರ್ನಾಡರು. ಅಜ್ಜಂದಿರಿಗೆ ಅವರು ‘ಸಂಸ್ಕಾರ’ದ ಪ್ರಾಣೇಶಾಚಾರ್ಯ. ಅಪ್ಪ-ಅಮ್ಮಂದಿರಿಗೆ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಸ್ವಾಮಿಯ ಅಪ್ಪ. ಶಿರಸಿಯಲ್ಲಿ, ಧಾರವಾಡದಲ್ಲಿ ಬೆಳೆದ ಹುಡುಗ, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು. ನಾನು ಬರೆದ ಸಾಲು ಹೀಗಿದೆ: ಸಂಗೀತ ನಾಟಕ ಅಕಾಡೆಮಿ 1972. ಪದ್ಮಶ್ರೀ 1974. ಪದ್ಮಭೂಷಣ 1992. ‘ತಲೆದಂಡ’ ನಾಟಕಕ್ಕೆ ಸಾಹಿತ್ಯ ಅಕಾಡೆಮಿ 1994. ಜ್ಞಾನಪೀಠ 1998. ಸಿನಿಮಾದ ಖಾನೆಯಲ್ಲಂತೂ ಒಂದೇ ಸಾಲು ಸಾಲದೆ ಪಕ್ಕಕ್ಕೆ ಬರೆಯಬೇಕಾಯಿತು. ಬಿ.ವಿ. ಕಾರಂತರ ಜೊತೆಗೂಡಿ ‘ವಂಶವೃಕ್ಷ’ಕ್ಕೆ ಅತ್ಯುತ್ತಮ ನಿರ್ದೇಶನದ ರಾಷ್ಟ್ರಪ್ರಶಸ್ತಿ, ಶ್ಯಾಮ್ ಬೆನೆಗಲ್ ಮತ್ತು ಸತ್ಯದೇವ ದುಬೆ ಅವರ ಜೊತೆ ‘ಭೂಮಿಕಾ’ಕ್ಕೆ ಚಿತ್ರಕಥೆಯ ರಾಷ್ಟ್ರಪ್ರಶಸ್ತಿ. ಒಂದೂ ಖಾನೆ ಖಾಲಿ ಇಲ್ಲ!

“ಅಜ್ಜಾ, ಇವರು ಭಾರತದ ಈಗಾಟ್!” ಅಂದಳು ಮೊಮ್ಮಗಳು. ಹೌದು ಅಂದೆ.

ಎರಡನೆಯ ಸಾಲಿಗೆ ಪಂಡಿತ ಭೀಮಸೇನ ಜೋಶಿ. ರೋಣದಲ್ಲಿ ಹುಟ್ಟಿ, ಹನ್ನೊಂದನೆಯ ವಯಸ್ಸಿಗೆ ಗುರುವನ್ನು ಹುಡುಕಿಕೊಂಡು ಮನೆಬಿಟ್ಟು ಓಡಿ, ಊರೂರು ಅಲೆದು, ಕೊನೆಗೆ ಕುಂದಗೋಳದ ಸವಾಯಿ ಗಂಧರ್ವರ ಪಾದದ ಹತ್ತಿರ ಕೂತು ಕಲಿತವರು. (ಮಕ್ಕಳೇ, ಅದು ಬೇರೆ ಕಾಲ. ನೀವು ಓಡಿಹೋಗಬೇಡಿ. ಈಗ ಬಸ್ ಇದೆ, ಹೇಳಿ ಹೋಗಿ.) ಅವರಿಗೆ 1972ರಲ್ಲಿ ಪದ್ಮಶ್ರೀ, 1985ರಲ್ಲಿ ಪದ್ಮಭೂಷಣ, 1999ರಲ್ಲಿ ಪದ್ಮವಿಭೂಷಣ, 2008ರಲ್ಲಿ ಭಾರತರತ್ನ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಅಧಿಕಾರಿಯಾಗಿ, ಮ್ಯಾನೇಜರ್ ಆಗಿ, ಕೊನೆಗೆ ಚೇರ್ಮನ್ ಕುರ್ಚಿಯಲ್ಲಿ ಕೂತಂತೆ! ನಡುವೆ ‘ಅನಕಹೀ’ ಎಂಬ ಹಿಂದಿ ಚಿತ್ರಕ್ಕೆ ಹಾಡಿ ಹಿನ್ನೆಲೆ ಗಾಯನದ ರಾಷ್ಟ್ರಪ್ರಶಸ್ತಿಯನ್ನೂ ಪಡೆದರು.

ಮೂರನೆಯ ಸಾಲಿಗೆ ಡಾ. ರಾಜಕುಮಾರ್. 1983ರಲ್ಲಿ ಪದ್ಮಭೂಷಣ, 1992ರಲ್ಲಿ ಕರ್ನಾಟಕ ರತ್ನ, 1995ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ. ಇಷ್ಟು ದೊಡ್ಡ ನಟನಿಗೆ ‘ಜೀವನ ಚೈತ್ರ’ ಚಿತ್ರಕ್ಕೆ ಬಂದ ರಾಷ್ಟ್ರಪ್ರಶಸ್ತಿ ಮಾತ್ರ ಹಾಡಿದ್ದಕ್ಕೆ!

ಇಷ್ಟಾದ ಮೇಲೆ ಮೊಮ್ಮಗಳು ಪೆನ್ಸಿಲ್ ಕಚ್ಚುತ್ತ ಕೇಳಿದಳು, “ನಮ್ಮ ಬೀಳಗಿಯವರು ಯಾರೂ ಇಲ್ಲವಾ?”

ಇದ್ದಾರೆ ಅಂತ ನಾಲ್ಕನೆಯ ಸಾಲಿನಲ್ಲಿ ಹೆಸರು ಬರೆದೆ: ಅಮೀರಬಾಯಿ ಕರ್ನಾಟಕಿ. ಹೆಸರು ಬರೆದು ಬಲಗಡೆಯ ಖಾನೆಗಳಿಗೆ ಬಂದರೆ, ಬರೆಯುವುದಕ್ಕೆ ಏನೂ ಇಲ್ಲ. ಎಲ್ಲ ಖಾನೆಗಳಲ್ಲೂ ಒಂದೊಂದು ಅಡ್ಡಗೆರೆ.

ನಮ್ಮ ಭಾಗದ ಅಜ್ಜ-ಅಜ್ಜಿಯರಿಗೆ ಈ ಹೆಸರು ನೆನಪಿರಬಹುದು. ಇಲ್ಲದವರಿಗಾಗಿ ಹೇಳುತ್ತೇನೆ. ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ ನಮ್ಮ ಬೀಳಗಿಯಲ್ಲಿ ಹುಟ್ಟಿದ ಹೆಣ್ಣುಮಗಳು. ಆಗ ಬೀಳಗಿ ವಿಜಾಪುರ ಜಿಲ್ಲೆಯಲ್ಲಿತ್ತು, ವಿಜಾಪುರ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಹಾಡು ಮತ್ತು ನಾಟಕದ ಗಾಳಿ ಇದ್ದ ಮನೆ. ಆಕೆಯ ಅಕ್ಕ ಗೋಹರಬಾಯಿಯೂ ಹೆಸರಾಂತ ಗಾಯಕಿ ಮತ್ತು ನಟಿ. ಮುಂದೆ ಮರಾಠಿ ರಂಗಭೂಮಿಯ ದೊಡ್ಡ ಹೆಸರಾದ ಬಾಲಗಂಧರ್ವರ ನಾಟಕ ಕಂಪನಿ ಸೇರಿದವರು. ಅಕ್ಕ-ತಂಗಿಯರಿಬ್ಬರೂ ಮುಂಬಯಿಗೆ ಹೋದರು. ಅಮೀರಬಾಯಿ 1934ರಲ್ಲಿ ‘ವಿಷ್ಣುಭಕ್ತಿ’ ಎಂಬ ಚಿತ್ರದಿಂದ ಸಿನಿಮಾಕ್ಕೆ ಕಾಲಿಟ್ಟರು. ಆಗ ಸಿನಿಮಾ ಮಾತಾಡಲು ಕಲಿತು ಮೂರೇ ವರ್ಷವಾಗಿತ್ತು. ನಟಿ ತನ್ನ ಹಾಡನ್ನು ತಾನೇ ಹಾಡಬೇಕಾಗಿದ್ದ ಕಾಲ ಅದು.

ಹತ್ತು ವರ್ಷ ಸಣ್ಣಪುಟ್ಟ ಪಾತ್ರ, ಸಣ್ಣಪುಟ್ಟ ಹಾಡು. 1943ರಲ್ಲಿ ಬಾಂಬೆ ಟಾಕೀಸಿನ ‘ಕಿಸ್ಮತ್’ ಬಂತು. ಅಶೋಕ್ ಕುಮಾರ್ ನಾಯಕ, ಅನಿಲ್ ಬಿಸ್ವಾಸ್ ಸಂಗೀತ. ನಾಯಕಿಯ ಹಾಡುಗಳಿಗೆ ಕಂಠ ಕೊಟ್ಟವರು ನಮ್ಮ ಬೀಳಗಿಯ ಅಮೀರಬಾಯಿ. ಕಲ್ಕತ್ತೆಯ ರಾಕ್ಸಿ ಎಂಬ ಒಂದೇ ಚಿತ್ರಮಂದಿರದಲ್ಲಿ ಆ ಸಿನಿಮಾ ಮೂರು ವರ್ಷಕ್ಕೂ ಮಿಕ್ಕಿ ಓಡಿತು. ಈಗ ಸಿನಿಮಾ ಮೂರು ವಾರ ಓಡಿದರೆ ಹೂವಿನ ಹಾರ ಹಾಕುತ್ತಾರೆ!

ಅದರಲ್ಲಿ ಒಂದು ದೇಶಭಕ್ತಿಯ ಹಾಡಿತ್ತು, ಕವಿ ಪ್ರದೀಪ್ ಬರೆದದ್ದು. ಹಿಂದಿನ ವರ್ಷವೇ ‘ಭಾರತ ಬಿಟ್ಟು ತೊಲಗಿ’ ಚಳವಳಿ ಶುರುವಾಗಿತ್ತು, ಗಾಂಧೀಜಿ ಸೆರೆಯಲ್ಲಿದ್ದರು. ಹಾಡಿನಲ್ಲಿ ಹೆಸರು ಜರ್ಮನಿ ಮತ್ತು ಜಪಾನಿನದು, ಆಗ ಅವರು ಇಂಗ್ಲಿಷರ ಶತ್ರುಗಳು. ಹಾಗಾಗಿ ಸೆನ್ಸಾರ್‌ನವರು ಬಿಟ್ಟರು. ಕೇಳಿದ ಜನರಿಗೆ ಮಾತ್ರ ಇದು ಯಾರನ್ನು ಹೊರಡಿ ಅನ್ನುತ್ತಿದೆ ಅಂತ ಚೆನ್ನಾಗಿ ಗೊತ್ತಾಯಿತು. ಆ ಹಾಡು ಬಂದಾಗ ರೀಲು ಹಿಂದಕ್ಕೆ ಸುತ್ತಿ ಮತ್ತೊಮ್ಮೆ ತೋರಿಸಿ ಎಂದು ಜನ ಕೂಗುತ್ತಿದ್ದರು ಅಂತ ಆ ಕಾಲದವರು ಹೇಳುತ್ತಿದ್ದರು. ಅದರಲ್ಲಿ ಕೇಳಿಬರುವ ಹೆಣ್ಣುದನಿ ನಮ್ಮ ಊರಿನದು.

ಆಕೆ ಹಿಂದಿಯಲ್ಲಷ್ಟೇ ಅಲ್ಲ, ಗುಜರಾತಿ, ಮಾರವಾಡಿ ಹಾಡುಗಳನ್ನೂ ಹಾಡಿದರು. ಕನ್ನಡದ ನಾಟಕ ಮತ್ತು ಗ್ರಾಮಫೋನ್ ತಟ್ಟೆಗಳ ಮೂಲಕ ಇಲ್ಲಿಯವರಿಗೆ ‘ಕನ್ನಡ ಕೋಗಿಲೆ’ಯಾದರು. 1948ರಲ್ಲಿ ‘ಶಹನಾಜ್’ ಎಂಬ ಚಿತ್ರಕ್ಕೆ ತಾವೇ ಸಂಗೀತ ನಿರ್ದೇಶನ ಮಾಡಿದರು. ಹೆಣ್ಣುಮಗಳೊಬ್ಬಳು ಸಂಗೀತ ನಿರ್ದೇಶಕಿಯಾಗುವುದು ಇಂದಿಗೂ ಅಪರೂಪ, ಅಂದಿಗೆ ಹೇಳುವುದೇ ಬೇಡ. ಬಾಳು ಸುಖದ್ದಾಗಿರಲಿಲ್ಲ. ಮೊದಲ ಮದುವೆಯಲ್ಲಿ ಬಹಳ ಕಷ್ಟಪಟ್ಟರು. ಲತಾ ಮಂಗೇಶ್ಕರರಂಥ ಹೊಸ ದನಿಗಳು ಬಂದ ಮೇಲೆ ಹಾಡುವ ಅವಕಾಶ ಕಡಿಮೆಯಾಗಿ, ತಾಯಿ-ಅತ್ತೆಯಂಥ ಪಾತ್ರಗಳಲ್ಲಿ ನಟಿಸಿದರು. ಪಾರ್ಶ್ವವಾಯು ಬಡಿದು 1965ರ ಮಾರ್ಚ್ 3ರಂದು ತೀರಿಕೊಂಡರು.

“ಇಷ್ಟೆಲ್ಲ ಮಾಡಿದವರಿಗೆ ಒಂದೂ ಪ್ರಶಸ್ತಿ ಇಲ್ಲ ಅಂದರೆ ಮೋಸ ಆಯಿತಲ್ಲ ಅಜ್ಜಾ?” ಅಂತ ಮೊಮ್ಮಗಳು ಸಿಟ್ಟಾದಳು. ಮಕ್ಕಳ ಸಿಟ್ಟು ನ್ಯಾಯದ್ದೇ. ಆದರೆ ಲೆಕ್ಕಪತ್ರದಲ್ಲಿ ಖಾನೆ ಖಾಲಿ ಕಂಡರೆ ಮೊದಲು ದಿನಾಂಕ ನೋಡಬೇಕು ಅಂತ ನಮ್ಮ ಹಳೆಯ ಹೆಡ್‌ಕ್ಲರ್ಕ್ ಕಲಿಸಿದ್ದರು. ಹಾಗಾಗಿ ಇಬ್ಬರೂ ಸೇರಿ ದಿನಾಂಕ ನೋಡಿದೆವು.

‘ಕಿಸ್ಮತ್’ 1943. ಫಿಲ್ಮ್‌ಫೇರ್ ಪ್ರಶಸ್ತಿ ಶುರುವಾದದ್ದು 1954ರಲ್ಲಿ. ಆಗಲೂ ಅದರಲ್ಲಿ ಹಿನ್ನೆಲೆ ಗಾಯಕರಿಗೆ ಖಾನೆ ಇರಲಿಲ್ಲ, ಅದು ಬಂದದ್ದು 1959ರಲ್ಲಿ. ಸರ್ಕಾರದ ಚಲನಚಿತ್ರ ಪ್ರಶಸ್ತಿಯೂ 1954ರಲ್ಲೇ ಶುರು, ಆದರೆ ಅದರಲ್ಲಿ ಗಾಯಕರ ಖಾನೆ ತೆರೆದದ್ದು 1967ರ ಚಿತ್ರಗಳಿಂದ. ಅಮೀರಬಾಯಿ ತೀರಿಕೊಂಡು ಎರಡು ವರ್ಷ ಆಗಿತ್ತು. ನಮ್ಮ ರಾಜ್ಯೋತ್ಸವ ಪ್ರಶಸ್ತಿ, ರಾಜ್ಯ ಚಲನಚಿತ್ರ ಪ್ರಶಸ್ತಿ ಎರಡೂ ಶುರುವಾದದ್ದು 1966ರ ಸುಮಾರಿಗೆ. ಅಲ್ಲಿಗೂ ಒಂದು ವರ್ಷ ತಡ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ 1969ರದ್ದು. ಅದನ್ನು ಮೊದಲು ಪಡೆದವರು ದೇವಿಕಾ ರಾಣಿ, ‘ಕಿಸ್ಮತ್’ ತಯಾರಿಸಿದ ಬಾಂಬೆ ಟಾಕೀಸಿನ ಒಡತಿಯಾಗಿದ್ದವರು. ಪದ್ಮ ಪ್ರಶಸ್ತಿಗಳು ಮತ್ತು ಸಂಗೀತ ನಾಟಕ ಅಕಾಡೆಮಿ ಮಾತ್ರ ಆಕೆ ಬದುಕಿದ್ದಾಗಲೇ ಇದ್ದವು. ಅಕ್ಕ ಗೋಹರಬಾಯಿಯ ಸಂಗಡಿಗ ಬಾಲಗಂಧರ್ವರಿಗೆ 1955ರಲ್ಲಿ ಅಕಾಡೆಮಿ ಪ್ರಶಸ್ತಿ, 1964ರಲ್ಲಿ ಪದ್ಮಭೂಷಣ ಬಂತು. ಅಮೀರಬಾಯಿ ಹೆಸರನ್ನು ಮಾತ್ರ ಯಾರೂ ನೆನೆಯಲಿಲ್ಲ. ಇಲ್ಲಿ ಮೊಮ್ಮಗಳ ಸಿಟ್ಟಿಗೆ ಕಾರಣ ಉಂಟು.

ಹಾಗಾದರೆ ಖಾನೆಗಳು ತಾವಾಗಿಯೇ ಹುಟ್ಟುತ್ತವೆಯೇ? ಇಲ್ಲ. ಯಾರಾದರೂ ಬಾಯಿಬಿಟ್ಟು ಕೇಳಬೇಕು. ಅಂದಿನ ಸಿನಿಮಾ ಹಾಡಿನ ತಟ್ಟೆಗಳ ಮೇಲೆ ಗಾಯಕಿಯ ಹೆಸರೇ ಇರುತ್ತಿರಲಿಲ್ಲ, ಎಷ್ಟೋ ಸಲ ಸಿನಿಮಾದ ಪಾತ್ರದ ಹೆಸರು ಹಾಕುತ್ತಿದ್ದರು. 1949ರ ‘ಮಹಲ್’ ಚಿತ್ರದ ಹಾಡು ದೇಶವೆಲ್ಲ ಗುನುಗಿದಾಗ ತಟ್ಟೆಯ ಮೇಲಿದ್ದ ಹೆಸರು ‘ಕಾಮಿನಿ’. ಹಾಡಿದವರು ಲತಾ ಮಂಗೇಶ್ಕರ್! 1957ರಲ್ಲಿ ಅವರು ಹಾಡಿದ ಚಿತ್ರದ ಸಂಗೀತಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು, ಸಮಾರಂಭದಲ್ಲಿ ಹಾಡಬೇಕು ಅಂತ ಕರೆದರು. ಲತಾ ಒಪ್ಪಲಿಲ್ಲ. ಗಾಯಕರಿಗೆ ಪ್ರಶಸ್ತಿಯೇ ಇಲ್ಲದ ಸಮಾರಂಭದಲ್ಲಿ ಗಾಯಕಿ ಯಾಕೆ ಹಾಡಬೇಕು ಅನ್ನುವುದು ಅವರ ವಾದ. ಎರಡು ವರ್ಷಕ್ಕೆ ಗಾಯನದ ಖಾನೆ ತೆರೆಯಿತು, ಮೊದಲ ಪ್ರಶಸ್ತಿ ಅವರಿಗೇ ಬಂತು. ಮುಂದೆ ಕೆಲವು ಪ್ರಶಸ್ತಿ ಪಡೆದ ಮೇಲೆ, ಇನ್ನು ನನಗೆ ಬೇಡ, ಹೊಸಬರಿಗೆ ಕೊಡಿ ಅಂದರು. ಕೇಳುವುದೂ ಗೊತ್ತಿರಬೇಕು, ಸಾಕು ಅನ್ನುವುದೂ ಗೊತ್ತಿರಬೇಕು. ಎರಡೂ ಗೊತ್ತಿದ್ದವರು ಕಡಿಮೆ.

ಹೀಗೆ ನೋಡಿದರೆ ಕಾರ್ನಾಡರ ಸಾಲು ತುಂಬಿರುವುದಕ್ಕೆ ಎರಡು ಕಾರಣ. ಒಂದು ಅವರ ಪ್ರತಿಭೆ ಮತ್ತು ದುಡಿಮೆ. ಇನ್ನೊಂದು, ಅವರು ಬರೆಯುವ ಹೊತ್ತಿಗೆ ಖಾನೆಗಳು ತಯಾರಿದ್ದವು. ಅಮೀರಬಾಯಿಗೆ ಮೊದಲನೆಯದಿತ್ತು, ಎರಡನೆಯದಿರಲಿಲ್ಲ. ಆದ್ದರಿಂದ ಯಾರದಾದರೂ ಮನೆಯ ಗೋಡೆಯ ಮೇಲೆ ಪ್ರಶಸ್ತಿ ಕಂಡರೆ ಗೌರವ ಕೊಡಿ, ಕಾಣದಿದ್ದರೆ ಆ ಮನೆಯವರು ಏನೂ ಮಾಡಿಲ್ಲ ಅಂತ ತಿಳಿಯಬೇಡಿ.

ಒಂದು ಮಾತು ಮಾತ್ರ ನನಗೆ ಬಹಳ ಹೆಮ್ಮೆ ತರುತ್ತದೆ. ಆಕೆ ಹೆಸರಿನ ಮುಂದೆ ‘ಕರ್ನಾಟಕಿ’ ಅಂತ ಇಟ್ಟುಕೊಂಡಾಗ ಕರ್ನಾಟಕ ಎಂಬ ರಾಜ್ಯವೇ ಇರಲಿಲ್ಲ. ನಾವು ಮುಂಬಯಿಯಿಂದ ಬಿಟ್ಟು ಬಂದದ್ದು 1956ರಲ್ಲಿ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973ರ ನವೆಂಬರ್ 1ರಂದು. ಅದಕ್ಕೂ ಎಷ್ಟೋ ವರ್ಷ ಮೊದಲೇ ಬೀಳಗಿಯ ಒಬ್ಬ ಹೆಣ್ಣುಮಗಳು ಮುಂಬಯಿಯ ಸಿನಿಮಾ ಪರದೆಯ ಮೇಲೆ, ರೇಡಿಯೋದಲ್ಲಿ, ಪೋಸ್ಟರಿನಲ್ಲಿ ಆ ಹೆಸರನ್ನು ಹೊತ್ತು ತಿರುಗಿದಳು. ನಾಡು ಆಕೆಗೆ ಪ್ರಶಸ್ತಿ ಕೊಡಲಿಲ್ಲ, ಆಕೆ ನಾಡಿಗೆ ತನ್ನ ಹೆಸರಿನಲ್ಲಿ ಜಾಗ ಕೊಟ್ಟಳು.

ಕೊನೆಗೆ ಒಂದು ಬ್ಯಾಂಕಿನ ವಿಷಯ ಹೇಳುತ್ತೇನೆ, ದೊಡ್ಡವರಿಗೂ ಉಪಯೋಗ. ಹತ್ತು ವರ್ಷ ಯಾರೂ ಮುಟ್ಟದ ಠೇವಣಿಯ ಹಣವನ್ನು ಬ್ಯಾಂಕು ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಕಳಿಸುತ್ತದೆ. 2014ರಿಂದ ಈ ಪದ್ಧತಿ ಇದೆ. ಹಣ ಮುಳುಗಿತು ಅಂತ ಅನೇಕರು ಹೆದರುತ್ತಾರೆ. ಮುಳುಗುವುದಿಲ್ಲ. ಖಾತೆದಾರರಾಗಲಿ ಅವರ ವಾರಸುದಾರರಾಗಲಿ ಯಾವಾಗ ಬೇಕಾದರೂ ದಾಖಲೆ ತೋರಿಸಿ ಕೇಳಿ ಪಡೆಯಬಹುದು. ಕೇಳುವವರು ಬರಬೇಕು ಅಷ್ಟೇ.

ಅಮೀರಬಾಯಿಯ ಕೀರ್ತಿಯೂ ಹಾಗೆ ಯಾರೂ ಕೇಳದೆ ಬಿದ್ದಿದ್ದ ಠೇವಣಿ. ರಹಮತ್ ತರೀಕೆರೆಯವರು ಊರೂರು ತಿರುಗಿ ಆಕೆಯ ಜೀವನಚರಿತ್ರೆ ಬರೆದು ಖಾತೆಯನ್ನು ಮತ್ತೆ ತೆರೆಸಿದರು. ವಾರಸುದಾರರು ಯಾರು? ಬೀಳಗಿಯ, ಜಮಖಂಡಿಯ, ಮುಧೋಳದ, ರಬಕವಿ-ಬನಹಟ್ಟಿಯ, ಕನ್ನಡ ಓದುವ ಎಲ್ಲ ಊರುಗಳ ಮಕ್ಕಳು, ಅಂದರೆ ನೀವು.

ಆದ್ದರಿಂದ ಈ ವಾರದ ಮನೆಗೆಲಸ ಹೀಗಿದೆ. ಒಂದು ಹಾಳೆಗೆ ಗೆರೆ ಎಳೆಯಿರಿ. ಎಡಗಡೆ ನಿಮ್ಮ ಊರಿನ ಹಾಡುಗಾರರು, ಪಾರಿಜಾತದ ಆಟದವರು, ಡೊಳ್ಳಿನವರು, ಸೋಬಾನೆ ಹೇಳುವ ಅಜ್ಜಿಯರ ಹೆಸರು. ಬಲಗಡೆ ಮೂರೇ ಖಾನೆ: ಏನು ಮಾಡುತ್ತಿದ್ದರು, ಯಾರಿಂದ ಕಲಿತರು, ಯಾರು ಕೇಳಿದ್ದಾರೆ. ಹೆಸರುಗಳನ್ನು ಅಜ್ಜ-ಅಜ್ಜಿ ಹೇಳಲಿ, ನೀವು ಬರೆಯಿರಿ. ಮೂರೂ ಖಾನೆ ತುಂಬಬೇಕು. ಕೇಳಿದವರಲ್ಲಿ ಒಬ್ಬರಾದರೂ ಜೀವಂತ ಇದ್ದಾರೆ ಅಂದರೆ ಕೂಡಲೇ ಹೋಗಿ ಮಾತಾಡಿಸಿ. ಆ ಖಾತೆಗೆ ಹತ್ತು ವರ್ಷ ಕಾಯುವುದು ಬೇಡ.